ಜಾನ್ ಡೆನ್ವರ್

ಜಾನ್ ಡೆನ್ವರ್ (ಡಿಸೆಂಬರ್ 31, 1943 – ಅಕ್ಟೋಬರ್ 12, 1997) ಅಮೆರಿಕ ಸಂಯುಕ್ತ ಸಂಸ್ಥಾನದ ಗಾಯಕ, ಗೀತರಚನಕಾರ ಮತ್ತು ಪರಿಸರ ಕಾರ್ಯಕರ್ತ. ಇವರ ಮೂಲ ಹೆಸರು ಹೆನ್ರಿ ಜಾನ್ ಡಾಯ್ಚೆನ್‌ಡಾರ್ಫ್, ಜೂನಿಯರ್. 1970ರ ದಶಕದಲ್ಲಿ ಅಮೆರಿಕದಲ್ಲಿ ಅತ್ಯಂತ ಜನಪ್ರಿಯರಾಗಿದ್ದ ಗಾಯಕರ ಸಾಲಿನಲ್ಲಿ ಇವರು ನಿಲ್ಲುತ್ತಾರೆ. ‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’, ‘ರಾಕಿ ಮೌಂಟನ್ ಹೈ’, ‘ಆನೀಸ್ ಸಾಂಗ್’ ಮುಂತಾದ ಗೀತೆಗಳು ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶಗಳಲ್ಲಿಯೂ ಹಾಡಲ್ಪಡುತ್ತಿವೆ. ಹಾಡಿನಿಂದ ದೊರೆತ ಕೀರ್ತಿಯನ್ನೂ ಹಣವನ್ನೂ ಅರಣ್ಯ ಸಂರಕ್ಷಣೆ, ಹಸಿವಿನ ನಿವಾರಣೆ ಮತ್ತು ಶಾಂತಿಯ ಕಾರ್ಯಗಳಿಗೆ ತೊಡಗಿಸಿದ್ದು ಇವರ ವೈಶಿಷ್ಟ್ಯ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಡೆನ್ವರ್ ಅವರು ನ್ಯೂ ಮೆಕ್ಸಿಕೋ ರಾಜ್ಯದ ರಾಸ್‌ವೆಲ್ ಪಟ್ಟಣದಲ್ಲಿ ಜನಿಸಿದರು. ತಂದೆ ಅಮೆರಿಕದ ವಾಯುಪಡೆಯ ವಿಮಾನ ಚಾಲಕರು. ಬಿ-58 ಹಸ್ಲರ್ ಎಂಬ ಬಾಂಬರ್ ವಿಮಾನವನ್ನು ಹಾರಿಸಿ ವೇಗದ ದಾಖಲೆಗಳನ್ನು ಸ್ಥಾಪಿಸಿದವರು. ಕಟ್ಟುನಿಟ್ಟಿನ ಸ್ವಭಾವದ ಅವರಿಗೆ ಮಕ್ಕಳ ಮೇಲಿನ ಪ್ರೀತಿಯನ್ನು ಹೊರಗೆ ತೋರಿಸುವ ಅಭ್ಯಾಸವಿರಲಿಲ್ಲ. ಅವರಿಗೆ ವರ್ಗವಾದಾಗಲೆಲ್ಲ ಸಂಸಾರವೂ ಊರು ಬದಲಿಸುತ್ತಿತ್ತು. ಅರಿಜೋನಾದ ಟೂಸಾನ್, ಅಲಬಾಮಾದ ಮಾಂಟ್ಗೊಮರಿ, ಟೆಕ್ಸಸ್‌ನ ಫೋರ್ಟ್ ವರ್ತ್ ಹೀಗೆ ಶಾಲೆಗಳು ಬದಲಾದವು. ಬಾಲಕನಿಗೆ ಎಲ್ಲಿಯೂ ಆಪ್ತ ಗೆಳೆತನ ಬೇರೂರಲಿಲ್ಲ. ಮನೆಗೆ ಮರಳುವ ಹಂಬಲವನ್ನು ಹಾಡಿ ಲೋಕಪ್ರಸಿದ್ಧರಾದವರಿಗೆ ಬಾಲ್ಯದಲ್ಲಿ ತಮ್ಮದೆಂದು ಹೇಳಿಕೊಳ್ಳಲು ಒಂದು ಊರಿರಲಿಲ್ಲ ಎಂಬುದನ್ನು ಗಮನಿಸಬೇಕು.

ಹನ್ನೊಂದನೆಯ ವಯಸ್ಸಿನಲ್ಲಿ ಅಜ್ಜಿ ತಮ್ಮಲ್ಲಿದ್ದ 1910ರ ಗಿಬ್ಸನ್ ಗಿಟಾರನ್ನು ಮೊಮ್ಮಗನಿಗೆ ಕೊಟ್ಟರು. ಹೊಸ ಶಾಲೆಗಳಲ್ಲಿ ಪರಿಚಯ ಮಾಡಿಕೊಳ್ಳಲು ಈ ಗಿಟಾರೇ ಸಾಧನವಾಯಿತು. ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗ ಸಂಗೀತಗಾರನಾಗಬೇಕೆಂದು ತಂದೆಯ ಕಾರನ್ನು ತೆಗೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಓಡಿಹೋದ ಪ್ರಸಂಗವೂ ಉಂಟು. ತಂದೆ ಅಲ್ಲಿಗೆ ಹೋಗಿ ಮಗನನ್ನು ಮರಳಿ ಕರೆತಂದರು. ಅನಂತರ ಲಬಕ್ ನಗರದ ಟೆಕ್ಸಸ್ ಟೆಕ್ ಸಂಸ್ಥೆಯಲ್ಲಿ ವಾಸ್ತುಶಿಲ್ಪದ ಅಧ್ಯಯನಕ್ಕೆ ಸೇರಿದರಾದರೂ, 1963ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಲಾಸ್ ಏಂಜಲೀಸ್ ಸೇರಿದರು. ಡಾಯ್ಚೆನ್‌ಡಾರ್ಫ್ ಎಂಬ ಉದ್ದನೆಯ ಜರ್ಮನ್ ಕುಲನಾಮ ಫಲಕಗಳಿಗೆ ಹೊಂದುವುದಿಲ್ಲವೆಂದು ಅಲ್ಲಿನ ಸಂಗೀತಗಾರ ರ‍್ಯಾಂಡಿ ಸ್ಪಾರ್ಕ್ಸ್ ಸಲಹೆ ನೀಡಿದರು. ತಾವು ಮೆಚ್ಚಿದ ಕೊಲೊರಾಡೊ ರಾಜ್ಯದ ರಾಜಧಾನಿಯ ಹೆಸರನ್ನೇ ಅವರು ತಮ್ಮ ಹೆಸರಾಗಿ ಆರಿಸಿಕೊಂಡರು.

ಸಂಗೀತ ಜೀವನ

1965ರಲ್ಲಿ ಚ್ಯಾಡ್ ಮಿಚೆಲ್ ಟ್ರಿಯೊ ಎಂಬ ಜಾನಪದ ಗಾಯನ ತಂಡದ ಮುಖ್ಯ ಗಾಯಕರು ಹೊರಹೋದಾಗ, ಪರೀಕ್ಷೆಗೆ ಬಂದಿದ್ದ ಅನೇಕರಲ್ಲಿ ಡೆನ್ವರ್ ಆಯ್ಕೆಯಾದರು. ವ್ಯಂಗ್ಯ ಮತ್ತು ರಾಜಕೀಯ ಗೀತೆಗಳಿಗೆ ಹೆಸರಾಗಿದ್ದ ಈ ತಂಡದಲ್ಲಿ ಅವರಿಗೆ ವೇದಿಕೆಯ ಅನುಭವ ದೊರೆಯಿತು. ಮರುವರ್ಷ ಅವರು ಸ್ವಂತ ಖರ್ಚಿನಲ್ಲಿ ಕೆಲವು ಹಾಡುಗಳನ್ನು ಮುದ್ರಿಸಿ ಸ್ನೇಹಿತರಿಗೆ ಹಂಚಿದರು. ಅದರಲ್ಲಿದ್ದ ಒಂದು ಹಾಡು ‘ಲೀವಿಂಗ್ ಆನ್ ಎ ಜೆಟ್ ಪ್ಲೇನ್’ ಎಂಬ ಹೊಸ ಹೆಸರಿನಲ್ಲಿ ಪೀಟರ್, ಪಾಲ್ ಅಂಡ್ ಮೇರಿ ತಂಡದ ಕಂಠದಲ್ಲಿ 1969ರ ಡಿಸೆಂಬರ್‌ನಲ್ಲಿ ಅಮೆರಿಕದ ಜನಪ್ರಿಯತಾ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದೇ ವರ್ಷ ಆರ್‌ಸಿಎ ಸಂಸ್ಥೆಯಿಂದ ಅವರ ಮೊದಲ ಸ್ವತಂತ್ರ ಧ್ವನಿಮುದ್ರಿಕೆ ‘ರೈಮ್ಸ್ ಅಂಡ್ ರೀಸನ್ಸ್’ ಹೊರಬಂದಿತು.

‘ಟೇಕ್ ಮಿ ಹೋಮ್, ಕಂಟ್ರಿ ರೋಡ್ಸ್’ ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. ಬಿಲ್ ಡ್ಯಾನಾಫ್ ಮತ್ತು ಟ್ಯಾಫಿ ನಿವರ್ಟ್ ಎಂಬ ಜೋಡಿ ಮೇರಿಲ್ಯಾಂಡ್‌ನ ಹಳ್ಳಿಗಾಡಿನ ರಸ್ತೆಯೊಂದರಲ್ಲಿ ಕಾರಿನಲ್ಲಿ ಸಾಗುತ್ತಿದ್ದಾಗ ಈ ಹಾಡಿನ ಎಳೆ ಹೊಳೆದಿತ್ತು. 1970ರ ಡಿಸೆಂಬರ್ ಕೊನೆಯಲ್ಲಿ ವಾಷಿಂಗ್ಟನ್ನಿನ ಸೆಲ್ಲರ್ ಡೋರ್ ಎಂಬ ಸಂಗೀತಶಾಲೆಯಲ್ಲಿ ಡೆನ್ವರ್ ಅವರ ಕಾರ್ಯಕ್ರಮವಿತ್ತು. ಆ ದಿನಗಳಲ್ಲಿ ಮೂವರೂ ರಾತ್ರಿಯಿಡೀ ಕುಳಿತು ಹಾಡನ್ನು ಪೂರ್ಣಗೊಳಿಸಿದರು. ಹಾಡು ವೆಸ್ಟ್ ವರ್ಜೀನಿಯಾ ರಾಜ್ಯವನ್ನು ಕುರಿತದ್ದು. ಬರೆದ ಹೊತ್ತಿಗೆ ಡೆನ್ವರ್ ಆ ರಾಜ್ಯವನ್ನು ಕಂಡೇ ಇರಲಿಲ್ಲ. ಆದರೂ ಅಲ್ಲಿನ ಜನ ಅದನ್ನು ತಮ್ಮದೆಂದೇ ಸ್ವೀಕರಿಸಿದರು. 2014ರಲ್ಲಿ ಅದು ಆ ರಾಜ್ಯದ ಅಧಿಕೃತ ಗೀತೆಗಳಲ್ಲಿ ಒಂದಾಯಿತು.

ಇದಾದ ಮೇಲೆ ಡೆನ್ವರ್ ಕೊಲೊರಾಡೊದ ಆಸ್ಪೆನ್‌ನಲ್ಲಿ ನೆಲೆಸಿದರು. ಒಂದು ಬೇಸಿಗೆಯ ರಾತ್ರಿ ಗೆಳೆಯರೊಡನೆ ಬೆಟ್ಟದ ಸರೋವರದ ಬಳಿ ಬಿಡಾರ ಹೂಡಿ ಉಲ್ಕಾವರ್ಷವನ್ನು ನೋಡಿದ ಅನುಭವದಿಂದ ‘ರಾಕಿ ಮೌಂಟನ್ ಹೈ’ (1972) ಮೂಡಿತು. ಪರ್ವತವನ್ನು ಕಂಡು ಮರುಹುಟ್ಟು ಪಡೆದವನ ಆನಂದ ಇಲ್ಲಿದೆ. ಇನ್ನಷ್ಟು ಜನರನ್ನು ತುಂಬಲು ಅದೇ ಪರ್ವತವನ್ನು ಸೀಳಿಬಿಡುತ್ತಾರೆಂಬ ಆತಂಕವೂ ಕೊನೆಯ ಭಾಗದಲ್ಲಿದೆ. ಡೆನ್ವರ್ ಅವರ ಪರಿಸರ ಕಾಳಜಿ ಕೀರ್ತಿ ಬಂದ ಮೇಲೆ ಅಂಟಿಸಿಕೊಂಡದ್ದಲ್ಲ ಎಂಬುದಕ್ಕೆ ಈ ಹಾಡೇ ಸಾಕ್ಷಿ. ಶೀರ್ಷಿಕೆಯ ಕೊನೆಯ ಪದಕ್ಕೆ ಮಾದಕ ದ್ರವ್ಯದ ಅಮಲು ಎಂಬ ಅರ್ಥ ಹಚ್ಚಿ ಕೆಲವು ಬಾನುಲಿ ಕೇಂದ್ರಗಳು ಈ ಹಾಡನ್ನು ಪ್ರಸಾರ ಮಾಡಲು ಹಿಂಜರಿದವು. ಮುಂದೆ 1985ರ ಸೆಪ್ಟೆಂಬರ್‌ನಲ್ಲಿ ಧ್ವನಿಮುದ್ರಿಕೆಗಳಿಗೆ ಎಚ್ಚರಿಕೆಯ ಚೀಟಿ ಅಂಟಿಸುವ ಪ್ರಸ್ತಾಪದ ಬಗ್ಗೆ ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಸೌಮ್ಯ ಗಾಯಕರೆಂದು ಹೆಸರಾಗಿದ್ದ ಡೆನ್ವರ್ ಪ್ರಸ್ತಾಪವನ್ನು ಬೆಂಬಲಿಸಬಹುದೆಂದು ಹಲವರು ಎಣಿಸಿದ್ದರು. ಅವರು ಈ ಹಾಡಿಗೆ ಆದ ಅನ್ಯಾಯವನ್ನೇ ಉದಾಹರಿಸಿ ಸೆನ್ಸಾರ್‌ಶಿಪ್ಪನ್ನು ಸ್ಪಷ್ಟವಾಗಿ ವಿರೋಧಿಸಿದರು. 2007ರಲ್ಲಿ ಇದೇ ಹಾಡು ಕೊಲೊರಾಡೊದ ಎರಡನೆಯ ರಾಜ್ಯಗೀತೆಯಾಯಿತು.

1974–75 ಅವರ ಉತ್ಕರ್ಷದ ಕಾಲ. ‘ಸನ್‌ಶೈನ್ ಆನ್ ಮೈ ಶೋಲ್ಡರ್ಸ್’, ಪತ್ನಿ ಆನಿ ಮಾರ್ಟೆಲ್ ಅವರನ್ನು ಕುರಿತು ಬರೆದ ‘ಆನೀಸ್ ಸಾಂಗ್’, ‘ಥ್ಯಾಂಕ್ ಗಾಡ್ ಐ ಆಮ್ ಎ ಕಂಟ್ರಿ ಬಾಯ್’ (ಇದರ ರಚನೆ ಜಾನ್ ಮಾರ್ಟಿನ್ ಸಾಮರ್ಸ್ ಅವರದು) ಮತ್ತು ‘ಐ ಆಮ್ ಸಾರಿ’ ಮೊದಲ ಸ್ಥಾನಕ್ಕೇರಿದವು. 1973ರಲ್ಲಿ ಬಂದ ಆಯ್ದ ಹಾಡುಗಳ ಸಂಪುಟವೊಂದೇ ಒಂದು ಕೋಟಿಗೂ ಹೆಚ್ಚು ಪ್ರತಿಗಳಷ್ಟು ಮಾರಾಟವಾಗಿದೆ. ‘ಓ, ಗಾಡ್!’ (1977) ಚಲನಚಿತ್ರದಲ್ಲಿ ನಟನಾಗಿಯೂ ಮೆಚ್ಚುಗೆ ಪಡೆದರು.

ವಿಮರ್ಶಕರು ಮಾತ್ರ ಅವರನ್ನು ಹೆಚ್ಚಾಗಿ ಆದರಿಸಲಿಲ್ಲ. ಹಾಡುಗಳು ಅತಿ ಮಧುರ, ಅತಿ ಸರಳ ಎಂಬುದು ಅವರ ಆಕ್ಷೇಪ. ಕಂಟ್ರಿ ಸಂಗೀತದ ಸಂಪ್ರದಾಯಸ್ಥರಿಗೂ ಅವರು ಹೊರಗಿನವರಾಗಿಯೇ ಕಂಡರು. 1975ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಕಲಾವಿದ ಪ್ರಶಸ್ತಿಯನ್ನು ಘೋಷಿಸಲು ವೇದಿಕೆಗೆ ಬಂದ ಗಾಯಕ ಚಾರ್ಲಿ ರಿಚ್, ವಿಜೇತರಾದ ಡೆನ್ವರ್ ಅವರ ಹೆಸರಿದ್ದ ಚೀಟಿಗೆ ಲೈಟರಿನಿಂದ ಬೆಂಕಿ ಹಚ್ಚಿದರು. ಇದು ಪ್ರತಿಭಟನೆಯೋ ಕುಡಿತದ ಪ್ರಭಾವವೋ ಎಂಬ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯಗಳಿವೆ. ಉಪಗ್ರಹ ಸಂಪರ್ಕದ ಮೂಲಕ ಬೇರೊಂದು ಸ್ಥಳದಿಂದ ಪ್ರಶಸ್ತಿ ಸ್ವೀಕರಿಸಿದ ಡೆನ್ವರ್ ಅವರಿಗೆ ಆ ಕ್ಷಣದಲ್ಲಿ ಇದು ತಿಳಿದಿರಲಿಲ್ಲ.

ಪರಿಸರ ಮತ್ತು ಸೇವಾಕಾರ್ಯ

ಸಮುದ್ರ ಸಂಶೋಧಕ ಜಾಕ್ ಕೂಸ್ಟೋ ಅವರ ಹಡಗನ್ನು ಕುರಿತ ‘ಕ್ಯಾಲಿಪ್ಸೊ’ (1975) ಗೀತೆಯ ರಾಯಲ್ಟಿಯನ್ನು ಡೆನ್ವರ್ ಕೂಸ್ಟೋ ಸೊಸೈಟಿಗೆ ಬಿಟ್ಟುಕೊಟ್ಟರು. 1976ರಲ್ಲಿ ಐಕಿಡೊ ಶಿಕ್ಷಕ ಥಾಮಸ್ ಕ್ರಮ್ ಅವರೊಡನೆ ಆಸ್ಪೆನ್ ಸಮೀಪದ ಸ್ನೋಮಾಸ್ ಕಣಿವೆಯಲ್ಲಿ ಸುಮಾರು ಸಾವಿರ ಎಕರೆ ಜಮೀನಿನಲ್ಲಿ ವಿಂಡ್‌ಸ್ಟಾರ್ ಫೌಂಡೇಷನ್ ಸ್ಥಾಪಿಸಿದರು. ಸೌರಶಕ್ತಿ, ಸುಸ್ಥಿರ ಕೃಷಿ ಮೊದಲಾದವುಗಳನ್ನು ಜನರಿಗೆ ಮಾಡಿ ತೋರಿಸುವುದು ಇದರ ಉದ್ದೇಶವಾಗಿತ್ತು. ಸುಸ್ಥಿರತೆ ಎಂಬ ಮಾತು ಇನ್ನೂ ಬಳಕೆಗೆ ಬಾರದಿದ್ದ ಕಾಲವದು.

ಅಲಾಸ್ಕಾದ ಅರಣ್ಯಗಳ ರಕ್ಷಣೆಗೆ ಅವರು ಸಲ್ಲಿಸಿದ ಸೇವೆ ಗಣನೀಯ. ತೈಲ, ಗಣಿ ಮತ್ತು ಮರದ ಉದ್ಯಮಗಳ ವಿರೋಧದ ನಡುವೆ ಅಲ್ಲಿನ ಭೂಮಿಯನ್ನು ರಾಷ್ಟ್ರೀಯ ಉದ್ಯಾನಗಳಾಗಿ ಉಳಿಸುವ ಮಸೂದೆ ವರ್ಷಗಟ್ಟಲೆ ಚರ್ಚೆಯಲ್ಲಿತ್ತು. ಡೆನ್ವರ್ ಆ ಪ್ರದೇಶವನ್ನು ಕುರಿತ ದೂರದರ್ಶನ ಚಿತ್ರವೊಂದರಲ್ಲಿ ಕಾಣಿಸಿಕೊಂಡು, ಹಾಡು ಬರೆದು, ಮಸೂದೆಯ ಪರವಾಗಿ ಪ್ರಚಾರ ಮಾಡಿದರು. 1980ರ ಡಿಸೆಂಬರ್ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆಯಿಂದ 10 ಕೋಟಿ ಎಕರೆಗೂ ಹೆಚ್ಚು ಭೂಮಿಗೆ ರಕ್ಷಣೆ ದೊರೆಯಿತು. 1992ರಲ್ಲಿ ಗಿಡ ನೆಡುವುದಕ್ಕಾಗಿಯೇ ‘ಪ್ಲಾಂಟ್-ಇಟ್ 2000’ ಎಂಬ ಸಂಸ್ಥೆಯನ್ನು ಆರಂಭಿಸಿದರು.

1977ರಲ್ಲಿ ವರ್ನರ್ ಎರ್ಹಾರ್ಡ್ ಮತ್ತು ರಾಬರ್ಟ್ ಫುಲ್ಲರ್ ಅವರೊಡನೆ ‘ದಿ ಹಂಗರ್ ಪ್ರಾಜೆಕ್ಟ್’ ಸಂಸ್ಥೆಯನ್ನು ಸ್ಥಾಪಿಸಿದರು. ಹಸಿದವರಿಗೆ ಅನ್ನ ಕೊಡುವ ಬದಲು ಜಾಗೃತಿ ಮೂಡಿಸುವುದಕ್ಕೆ ಹಣ ವ್ಯಯಿಸುತ್ತದೆ ಎಂಬ ಟೀಕೆ ಆರಂಭದ ವರ್ಷಗಳಲ್ಲಿ ಈ ಸಂಸ್ಥೆಯ ಮೇಲಿತ್ತು. ಅದನ್ನು ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಕಾಲಕ್ರಮದಲ್ಲಿ ಅದರ ಕಾರ್ಯವಿಧಾನ ಬದಲಾಗಿ, ಗ್ರಾಮಗಳ ಮಹಿಳೆಯರ ಸಬಲೀಕರಣಕ್ಕೆ ಒತ್ತು ಬಂದಿತು. ಭಾರತದಲ್ಲಿ ಈ ಸಂಸ್ಥೆಯು ಗ್ರಾಮ ಪಂಚಾಯತಿಗಳಿಗೆ ಚುನಾಯಿತರಾದ ಮಹಿಳಾ ಸದಸ್ಯರಿಗೆ ತರಬೇತಿ ನೀಡುವ ಕಾರ್ಯದಲ್ಲಿ ತೊಡಗಿದ್ದು, ಅದರ ಕಾರ್ಯಕ್ಷೇತ್ರಗಳಲ್ಲಿ ಕರ್ನಾಟಕವೂ ಸೇರಿದೆ. ಕಾರ್ಟರ್ ನೇಮಿಸಿದ ಜಾಗತಿಕ ಹಸಿವಿನ ಕುರಿತ ಆಯೋಗದಲ್ಲಿಯೂ ಡೆನ್ವರ್ ಸದಸ್ಯರಾಗಿದ್ದರು. 1979ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಸಭಾಂಗಣದಲ್ಲಿ ಯುನಿಸೆಫ್ ನಿಧಿಗಾಗಿ ನಡೆದ ಗಾಯನ ಕಾರ್ಯಕ್ರಮದಲ್ಲಿ ಭಾಗವಹಿಸಿದರು.

ಇಷ್ಟಾದರೂ, 1985ರಲ್ಲಿ ಆಫ್ರಿಕಾದ ಕ್ಷಾಮ ಪರಿಹಾರಕ್ಕಾಗಿ ಅಮೆರಿಕದ ಪ್ರಸಿದ್ಧ ಗಾಯಕರೆಲ್ಲ ಕೂಡಿ ‘ವೀ ಆರ್ ದ ವರ್ಲ್ಡ್’ ಹಾಡಿದಾಗ ಡೆನ್ವರ್ ಅವರಿಗೆ ಅಲ್ಲಿ ಸ್ಥಾನ ಸಿಗಲಿಲ್ಲ. ತಾವಾಗಿಯೇ ಕೇಳಿಕೊಂಡರೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಎಂಟು ವರ್ಷ ಮೊದಲೇ ಹಸಿವಿನ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದವರನ್ನು ಹೀಗೆ ಹೊರಗಿಟ್ಟದ್ದು, ಜನಪ್ರಿಯ ಸಂಗೀತದ ಅಭಿರುಚಿ ಅದಾಗಲೇ ಅವರನ್ನು ಎಷ್ಟು ದೂರ ಸರಿಸಿತ್ತು ಎಂಬುದನ್ನು ತೋರಿಸುತ್ತದೆ. ಈ ನೋವನ್ನು ಅವರು 1994ರ ಆತ್ಮಚರಿತ್ರೆಯಲ್ಲಿ ದಾಖಲಿಸಿದ್ದಾರೆ.

ಶೀತಲ ಸಮರದ ದಿನಗಳಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ಹಾಡಿದ ಕೆಲವೇ ಅಮೆರಿಕನ್ನರಲ್ಲಿ ಡೆನ್ವರ್ ಒಬ್ಬರು. ರಷ್ಯದ ಗಾಯಕ ಅಲೆಕ್ಸಾಂಡರ್ ಗ್ರಾಡ್ಸ್‌ಕಿ ಅವರೊಡನೆ ಶಸ್ತ್ರಾಸ್ತ್ರ ಪೈಪೋಟಿಯನ್ನು ಪ್ರಶ್ನಿಸುವ ಯುಗಳ ಗೀತೆಯನ್ನು 1986ರಲ್ಲಿ ಹೊರತಂದರು. ಆರ್‌ಸಿಎ ಜತೆಗಿನ ಒಪ್ಪಂದ ಮುಗಿದುದು ಅದೇ ವರ್ಷ. ಆ ಸಂಸ್ಥೆಯನ್ನು ಆಗಷ್ಟೇ ಕೊಂಡಿದ್ದ ಜನರಲ್ ಎಲೆಕ್ಟ್ರಿಕ್ ರಕ್ಷಣಾ ಗುತ್ತಿಗೆದಾರನಾಗಿದ್ದುದರಿಂದ ಈ ಹಾಡೇ ಕಾರಣವೆಂದು ಅಭಿಮಾನಿಗಳು ನಂಬುತ್ತಾರೆ. ಇಳಿಮುಖವಾಗಿದ್ದ ಮಾರಾಟವೂ ಅಷ್ಟೇ ಬಲವಾದ ಕಾರಣವಾಗಿರಬಹುದು. 1987ರಲ್ಲಿ ಕೀವ್ ನಗರದಲ್ಲಿ ಚೆರ್ನೊಬಿಲ್ ಅಣುಸ್ಥಾವರ ದುರಂತದ ಸಂತ್ರಸ್ತರಿಗಾಗಿ ಹಾಡಿದರು. 1993ರಲ್ಲಿ ಆಲ್ಬರ್ಟ್ ಶ್ವೈಟ್ಜರ್ ಸಂಗೀತ ಪ್ರಶಸ್ತಿ ಪಡೆದರು; ಶಾಸ್ತ್ರೀಯ ಸಂಗೀತದವರಲ್ಲದ ಒಬ್ಬರಿಗೆ ಅದು ಸಂದದ್ದು ಅದೇ ಮೊದಲು.

ವೈಯಕ್ತಿಕ ಜೀವನ

ಡೆನ್ವರ್ ಅವರ ನುಡಿಗೂ ನಡೆಗೂ ಅಂತರವಿತ್ತೆಂದು ಹೇಳುವವರಿದ್ದಾರೆ. ಸ್ವಂತ ಲಿಯರ್‌ಜೆಟ್ ವಿಮಾನವಿಟ್ಟುಕೊಂಡು ಪ್ರಕೃತಿಯನ್ನು ಹಾಡಿದರೆಂಬುದು ಒಂದು ಆಕ್ಷೇಪ. 1970ರ ದಶಕದ ಕೊನೆಯಲ್ಲಿ ದೇಶದಲ್ಲಿ ಇಂಧನದ ಅಭಾವವಿದ್ದಾಗ ಆಸ್ಪೆನ್‌ನ ತಮ್ಮ ಜಮೀನಿನಲ್ಲಿ ಪೆಟ್ರೋಲ್ ಸಂಗ್ರಹಿಸಲು ಟ್ಯಾಂಕುಗಳನ್ನು ಹೂಳಿಸಲು ಹೊರಟದ್ದು ನೆರೆಹೊರೆಯವರ ಕೋಪಕ್ಕೆ ಕಾರಣವಾಯಿತು. ಆನಿ ಅವರೊಡನೆ 1967ರಲ್ಲಿ ಆದ ವಿವಾಹ 1982ರಲ್ಲಿ ಮುರಿಯಿತು. ಆ ಸಮಯದಲ್ಲಿ ಸಿಟ್ಟಿನ ಭರದಲ್ಲಿ ತಾವು ಹಿಂಸೆಗಿಳಿದುದನ್ನು ಆತ್ಮಚರಿತ್ರೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ನಟಿ ಕಸಾಂಡ್ರಾ ಡಿಲೇನಿ ಅವರೊಡನೆ ಆದ ಎರಡನೆಯ ವಿವಾಹವೂ ಉಳಿಯಲಿಲ್ಲ. 1993 ಮತ್ತು 1994ರಲ್ಲಿ ಕುಡಿದು ವಾಹನ ಚಲಾಯಿಸಿದ ಆರೋಪದ ಮೇಲೆ ಬಂಧನಕ್ಕೂ ಒಳಗಾದರು.

ತಂದೆಯೊಡನಿದ್ದ ಮುನಿಸು ಮಾತ್ರ ಕರಗಿತು. 1970ರ ದಶಕದ ಮಧ್ಯಭಾಗದಲ್ಲಿ ಮಗನಿಗೆ ವಿಮಾನ ಹಾರಿಸಲು ಕಲಿಸಿದವರು ಆ ತಂದೆಯೇ. ಅಂದಿನಿಂದ ಹಾರಾಟ ಡೆನ್ವರ್ ಅವರಿಗೆ ಹಾಡಿನಷ್ಟೇ ಪ್ರಿಯವಾಯಿತು. ಬಾಹ್ಯಾಕಾಶಕ್ಕೆ ಹೋಗುವ ಆಸೆಯಿಂದ ನಾಸಾದ ದೈಹಿಕ ಪರೀಕ್ಷೆಗಳಲ್ಲಿಯೂ ಉತ್ತೀರ್ಣರಾಗಿದ್ದರು. 1986ರಲ್ಲಿ ಚಾಲೆಂಜರ್ ನೌಕೆ ಸ್ಫೋಟಗೊಂಡು ಮಡಿದವರ ಸ್ಮರಣೆಗೆ ‘ಫ್ಲೈಯಿಂಗ್ ಫಾರ್ ಮಿ’ ಎಂಬ ಹಾಡನ್ನು ಬರೆದರು.

ಮರಣ

1997ರ ಅಕ್ಟೋಬರ್ 12ರ ಸಂಜೆ ಡೆನ್ವರ್ ಅವರು ಕ್ಯಾಲಿಫೋರ್ನಿಯಾದ ಮಾಂಟರೆಯಿಂದ ಲಾಂಗ್-ಇಜಡ್ ಎಂಬ ಸಣ್ಣ ವಿಮಾನದಲ್ಲಿ ಒಬ್ಬರೇ ಹಾರಿದರು. ಬಿಡಿಭಾಗಗಳನ್ನು ಜೋಡಿಸಿ ಖಾಸಗಿಯಾಗಿ ನಿರ್ಮಿಸಲಾಗಿದ್ದ ಈ ವಿಮಾನವನ್ನು ಅವರು ಆಗಷ್ಟೇ ಕೊಂಡಿದ್ದರು. ಸ್ವಲ್ಪ ಹೊತ್ತಿನಲ್ಲಿಯೇ ಅದು ಪೆಸಿಫಿಕ್ ಗ್ರೋವ್ ಬಳಿ ಸಮುದ್ರಕ್ಕೆ ಬಿದ್ದು, ಅವರು ಸ್ಥಳದಲ್ಲೇ ಮೃತರಾದರು. ಆಗ ಅವರಿಗೆ 53 ವರ್ಷ.

ತನಿಖೆಯಲ್ಲಿ ಕಂಡುಬಂದ ಸಂಗತಿಗಳು ಹೀಗಿವೆ. ಇಂಧನವನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ಕೀಲಿಯನ್ನು ವಿನ್ಯಾಸಕಾರ ಸೂಚಿಸಿದ್ದ ಜಾಗದಲ್ಲಿ ಅಳವಡಿಸದೆ, ನಿರ್ಮಿಸಿದವರು ಚಾಲಕನ ಎಡ ಭುಜದ ಹಿಂದೆ ಇಟ್ಟಿದ್ದರು. ಅದನ್ನು ತಿರುಗಿಸಲು ದೇಹವನ್ನು ಹಿಂದಕ್ಕೆ ಹೊರಳಿಸಬೇಕು. ಹಾಗೆ ಹೊರಳುವಾಗ ಬಲಗಾಲು ತಾನಾಗಿ ರಡ್ಡರ್ ಪೆಡಲನ್ನು ಒತ್ತುವ ಸಂಭವವಿತ್ತು. ಇಂಧನದ ಮಟ್ಟ ತೋರಿಸುವ ಮಾಪಕಗಳೂ ಚಾಲಕನ ಹಿಂಭಾಗದಲ್ಲಿದ್ದವು. ಹೊರಡುವ ಮೊದಲು ಇಂಧನ ಕಡಿಮೆಯಿದ್ದುದು ತಿಳಿದಿದ್ದರೂ, ಹೆಚ್ಚು ಹೊತ್ತು ಹಾರುವುದಿಲ್ಲವೆಂದು ಅವರು ತುಂಬಿಸಿಕೊಳ್ಳಲಿಲ್ಲ. ಈ ವಿಮಾನದಲ್ಲಿ ಅವರಿಗೆ ದೊರೆತಿದ್ದ ತರಬೇತಿ ಅತ್ಯಲ್ಪ. ದೇಹದಲ್ಲಿ ಮದ್ಯದ ಅಂಶವಿರಲಿಲ್ಲ. ಆದರೆ ಹಿಂದಿನ ಕುಡಿತದ ಪ್ರಕರಣಗಳ ಕಾರಣ ವಿಮಾನಯಾನ ಇಲಾಖೆಯು ಅವರ ವೈದ್ಯಕೀಯ ಅನುಮತಿಯನ್ನು ತಡೆಹಿಡಿದಿತ್ತು. ಹಾಗಾಗಿ ಅಂದು ಹಾರಲು ಅವರಿಗೆ ಕಾನೂನಿನ ಅಧಿಕಾರವಿರಲಿಲ್ಲ.

ಚಿತಾಭಸ್ಮವನ್ನು ರಾಕಿ ಪರ್ವತಗಳಲ್ಲಿ ಚೆಲ್ಲಲಾಯಿತು. ರೈಲುಗಳನ್ನು ಕುರಿತ ಮಕ್ಕಳ ಹಾಡುಗಳ ಸಂಪುಟ ‘ಆಲ್ ಅಬೋರ್ಡ್!’ಗೆ 1998ರಲ್ಲಿ ಮರಣೋತ್ತರವಾಗಿ ಗ್ರ್ಯಾಮಿ ಪ್ರಶಸ್ತಿ ಬಂದಿತು. ಆಸ್ಪೆನ್‌ನ ನದಿಯ ದಂಡೆಯಲ್ಲಿ ಅವರ ಹೆಸರಿನ ಉದ್ಯಾನವಿದ್ದು, ಅಲ್ಲಿನ ಬಂಡೆಗಳ ಮೇಲೆ ಅವರ ಗೀತೆಗಳನ್ನು ಕೆತ್ತಲಾಗಿದೆ.