ಮಕ್ಕಳ ಮನೆ

ಸಾಲುಸಾಲಾಗಿ ಇಟ್ಟ ಭಾರವಾದ ಬೆಂಚುಗಳು, ಅವುಗಳ ಮೇಲೆ ಅಲುಗಾಡದೆ ಕುಳಿತ ಮಕ್ಕಳು – ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಶಾಲೆಯೆಂದರೆ ಹೀಗಿರುತ್ತಿತ್ತು. ಈ ಚಿತ್ರವನ್ನು ಬದಲಿಸಿದವರಲ್ಲಿ ಇಟಲಿಯ ಮರಿಯಾ ಮಾಂಟೆಸ್ಸೊರಿ ಪ್ರಮುಖರು.

ಅವರು 1870ರ ಆಗಸ್ಟ್ 31ರಂದು ಕಿಯಾರಾವಲ್ಲೆ ಎಂಬ ಊರಿನಲ್ಲಿ ಜನಿಸಿದರು. ಸ್ತ್ರೀಯರು ವೈದ್ಯಶಾಸ್ತ್ರವನ್ನು ಓದುವುದು ವಿರಳವಾಗಿದ್ದ ಆ ಕಾಲದಲ್ಲಿ ರೋಮ್ ವಿಶ್ವವಿದ್ಯಾನಿಲಯವನ್ನು ಸೇರಿ 1896ರಲ್ಲಿ ವೈದ್ಯಪದವಿ ಪಡೆದರು. ಬುದ್ಧಿಮಾಂದ್ಯರೆಂದು ಸಮಾಜ ಕಡೆಗಣಿಸಿದ್ದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಗ, ಅವರಿಗೆ ಔಷಧಕ್ಕಿಂತ ಹೆಚ್ಚಾಗಿ ಬೇಕಾದುದು ಶಿಕ್ಷಣವೆಂಬುದನ್ನು ಮನಗಂಡರು.

1907ರ ಜನವರಿ 6ರಂದು ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ 'ಮಕ್ಕಳ ಮನೆ' ಆರಂಭವಾಯಿತು. ತಂದೆತಾಯಿಗಳು ದುಡಿಯಲು ಹೋದಾಗ ನೋಡಿಕೊಳ್ಳುವವರಿಲ್ಲದೆ ಉಳಿಯುತ್ತಿದ್ದ ಪುಟ್ಟ ಮಕ್ಕಳಿಗಾಗಿ ತೆರೆದ ಶಾಲೆ ಅದು. ಮೊದಮೊದಲು ಅಲ್ಲಿಯೂ ಕಲಿಕೆಯ ಉಪಕರಣಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗುತ್ತಿತ್ತು. ಒಂದು ದಿನ ಶಿಕ್ಷಕಿ ಬೀಗ ಹಾಕುವುದನ್ನು ಮರೆತರು. ಅವರು ತಡವಾಗಿ ಬಂದು ನೋಡಿದಾಗ ಮಕ್ಕಳು ತಮಗೆ ಬೇಕಾದುದನ್ನು ತಾವೇ ತೆಗೆದುಕೊಂಡು ಕೆಲಸದಲ್ಲಿ ಮಗ್ನರಾಗಿದ್ದರು. ಶಿಕ್ಷಕಿಗೆ ಅದು ಕಳ್ಳತನವೆನಿಸಿತು. ಮಾಂಟೆಸ್ಸೊರಿಯವರು ಅದರಲ್ಲಿ ಆಯ್ಕೆಯ ಶಕ್ತಿಯನ್ನು ಕಂಡರು. ಬೀರುವಿನ ಸ್ಥಾನದಲ್ಲಿ ಮಕ್ಕಳ ಕೈಗೆಟಕುವ ತೆರೆದ ಕಪಾಟುಗಳು ಬಂದವು.

ಮಗುವೇ ಎತ್ತಿ ಇಡಬಲ್ಲ ಹಗುರವಾದ ಕುರ್ಚಿ ಮೇಜುಗಳನ್ನು ಅವರು ಮಾಡಿಸಿದರು. ಅಜಾಗರೂಕತೆಯಿಂದ ನಡೆದರೆ ಕುರ್ಚಿ ಉರುಳುತ್ತದೆ. ಆ ಸದ್ದೇ ಮಗುವಿಗೆ ಪಾಠ. ಮರದ ಉರುಳೆಗಳನ್ನು ಅವುಗಳ ಗಾತ್ರಕ್ಕೆ ತಕ್ಕ ಕುಳಿಗಳಲ್ಲಿ ಕೂಡಿಸುವಾಗ ಒಂದು ತಪ್ಪಿದರೂ ಕೊನೆಗೆ ಲೆಕ್ಕ ಸರಿಹೋಗದು. ಗದರಿಸುವವರಿಲ್ಲದೆಯೇ ಮಗು ತಪ್ಪನ್ನು ತಿದ್ದಿಕೊಳ್ಳುತ್ತದೆ. ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಬರವಣಿಗೆಗೆ ಸಿದ್ಧವಾಗುತ್ತದೆ. ಪ್ರತಿಯೊಂದು ಉಪಕರಣವೂ ಒಂದೊಂದೇ ಇರುವುದರಿಂದ ಸರದಿಗಾಗಿ ಕಾಯುವ ತಾಳ್ಮೆಯೂ ಬೆಳೆಯುತ್ತದೆ. ಇಲ್ಲಿ ಶಿಕ್ಷಕಿಯ ಮುಖ್ಯ ಕೆಲಸ ಗಮನಿಸುವುದು. ಅಗತ್ಯವಿದ್ದಾಗ ಮಾತ್ರ ನೆರವಾಗುವುದು.

1930ರ ದಶಕದಲ್ಲಿ ಮುಸೊಲಿನಿಯ ಸರ್ವಾಧಿಕಾರದೊಡನೆ ವಿರಸ ಉಂಟಾಗಿ ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿಹೋದವು. 1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಅವರು ಮದರಾಸಿನ ಅಡ್ಯಾರಿಗೆ ಬಂದರು. ಮಹಾಯುದ್ಧದಲ್ಲಿ ಇಟಲಿಯು ಬ್ರಿಟನ್ನಿನ ವೈರಿಯಾದ್ದರಿಂದ ಅವರ ಸಂಚಾರಕ್ಕೆ ನಿರ್ಬಂಧ ಬಿದ್ದಿತು. ಆದರೂ ಎದೆಗುಂದದೆ 1946ರವರೆಗೆ ಇಲ್ಲಿದ್ದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ನೀಡಿದರು.

1952ರ ಮೇ 6ರಂದು ನೆದರ್ಲೆಂಡ್ಸಿನಲ್ಲಿ ಅವರು ನಿಧನರಾದರು. ಮಗುವಿನ ಅಳತೆಗೆ ಕೋಣೆಯನ್ನು ಹೊಂದಿಸುವುದು ಸಣ್ಣ ಬದಲಾವಣೆಯಂತೆ ತೋರಬಹುದು. ಆದರೆ ಅದರ ಹಿಂದೆ ಮಗುವಿನ ಮೇಲಿಟ್ಟ ಅಚಲವಾದ ನಂಬಿಕೆಯಿತ್ತು.