ಶಾರ್ಟ್‌ಹ್ಯಾಂಡ್ ಬರೆಯುತ್ತಿದ್ದ ಕಾದಂಬರಿಕಾರ

ಚಾರ್ಲ್ಸ್ ಚೆಸ್ನಟ್ ಅವರನ್ನು ನೋಡಿದವರು ಬಿಳಿಯರೆಂದೇ ತಿಳಿದುಕೊಳ್ಳಬಹುದಿತ್ತು. ಮೈಬಣ್ಣ ಅಷ್ಟು ತಿಳಿ. ಆ ತಪ್ಪು ತಿಳಿವಳಿಕೆಯನ್ನು ಹಾಗೇ ಬಿಟ್ಟಿದ್ದರೆ ಆಗಿನ ಅಮೆರಿಕದಲ್ಲಿ ಅವರ ಬದುಕು ಎಷ್ಟೋ ಸಲೀಸಾಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಕೊನೆಯವರೆಗೂ ಕಪ್ಪು ಜನರಲ್ಲಿ ಒಬ್ಬರಾಗಿಯೇ ಉಳಿದರು.

ಹುಟ್ಟಿದ್ದು 1858ರಲ್ಲಿ, ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಬೆಳೆದದ್ದು ದಕ್ಷಿಣದ ನಾರ್ತ್ ಕ್ಯಾರೊಲಿನಾದಲ್ಲಿ. ಗುಲಾಮಗಿರಿ ಆಗಷ್ಟೇ ಮುಗಿದಿತ್ತು. ಹದಿಹರೆಯದಲ್ಲೇ ಮೇಷ್ಟ್ರಾದ ಅವರು, 1880ರಲ್ಲಿ ಕಪ್ಪು ಶಿಕ್ಷಕರನ್ನು ತರಬೇತುಗೊಳಿಸುವ ಶಾಲೆಯ ಪ್ರಾಂಶುಪಾಲರಾದರು. ಆಗ ಅವರಿಗೆ ನನಗಿಂತ ಎರಡೇ ವರ್ಷ ಹೆಚ್ಚು! ಆದರೂ ಅಲ್ಲೇ ಉಳಿದರೆ ಬೆಳವಣಿಗೆಯಿಲ್ಲ ಎನಿಸಿ ತಾವೇ ಕುಳಿತು ಶಾರ್ಟ್‌ಹ್ಯಾಂಡ್ ಕಲಿತರು. 1883ರಲ್ಲಿ ಆ ಒಂದು ವಿದ್ಯೆಯನ್ನು ನೆಚ್ಚಿ ಕೆಲಸ ಬಿಟ್ಟು ಉತ್ತರಕ್ಕೆ ಹೊರಟರು. ಮೊಬೈಲ್‌ನಲ್ಲಿ ನೂರು ಪಾಠಗಳಿದ್ದೂ ಒಂದು ಕೋರ್ಸ್ ಪೂರ್ತಿ ಮುಗಿಸದ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಕ್ಲೀವ್‌ಲ್ಯಾಂಡ್‌ನಲ್ಲಿ 1887ರಲ್ಲಿ ವಕೀಲಿ ಪರೀಕ್ಷೆ ಪಾಸಾದರು. ಅದೇ ವರ್ಷ ಪ್ರತಿಷ್ಠಿತ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅವರ ಕತೆ ಬಂತು. ಕೋರ್ಟಿನ ಕಲಾಪವನ್ನು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಡುವ ಅವರ ಕಚೇರಿಯೂ ಚೆನ್ನಾಗಿ ನಡೆಯಿತು. 1899ರಲ್ಲಿ ಎರಡು ಕಥಾಸಂಕಲನಗಳು ಪ್ರಕಟವಾದವು. ಕಚೇರಿ ಮುಚ್ಚಿ, ಇನ್ನು ಬರವಣಿಗೆಯೇ ಉದ್ಯೋಗ ಎಂದು ನಿರ್ಧರಿಸಿದರು. ಅಮೆರಿಕದ ವಾಸ್ತವವಾದಿ ಸಾಹಿತ್ಯದ ಹಿರಿಯ ವಿಲಿಯಂ ಡೀನ್ ಹೊವೆಲ್ಸ್ ಅವರ ಕತೆಗಳನ್ನು ಮನಸಾರೆ ಮೆಚ್ಚಿ ಬರೆದರು.

ಅಷ್ಟರಲ್ಲಾಗಲೇ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ಹೊತ್ತಿ ಉರಿದಿತ್ತು. 1898ರ ನವೆಂಬರ್‌ನಲ್ಲಿ ಬಂದೂಕು ಹಿಡಿದ ಬಿಳಿಯರು ಕಪ್ಪು ಜನರ ಪತ್ರಿಕಾ ಕಚೇರಿಗೆ ಬೆಂಕಿ ಹಚ್ಚಿ, ಅನೇಕರನ್ನು ಕೊಂದು, ಚುನಾಯಿತ ನಗರಾಡಳಿತವನ್ನೇ ಉರುಳಿಸಿದ್ದರು. ಕಪ್ಪು ಜನರೇ ಶುರುಮಾಡಿದ ಗಲಭೆ ಎಂಬ ಕತೆ ಪತ್ರಿಕೆಗಳಲ್ಲಿ ಹಬ್ಬಿತು. ಚೆಸ್ನಟ್ ಆ ಊರಿಗೇ ಹೋಗಿ, ವಿಚಾರಿಸಿ, 1901ರಲ್ಲಿ ‘ದಿ ಮ್ಯಾರೋ ಆಫ್ ಟ್ರೆಡಿಷನ್’ ಕಾದಂಬರಿ ಬರೆದರು. ಯಾರು ಸಂಚು ಹೂಡಿದರು, ಯಾರು ಸತ್ತರು, ಎಲ್ಲವೂ ಅದರಲ್ಲಿತ್ತು. ಬದುಕನ್ನು ಇದ್ದಂತೆಯೇ ತೋರಿಸಬೇಕು ಎಂದು ಬೋಧಿಸುತ್ತಿದ್ದ ಹೊವೆಲ್ಸ್‌ಗೇ ಈ ಸಲ ಕಹಿ ಹೆಚ್ಚೆನಿಸಿತು! ಪುಸ್ತಕದಲ್ಲಿ ನ್ಯಾಯವಿದೆ ಎಂದು ಒಪ್ಪಿಕೊಂಡೂ ಅವರು ಹಿಂಜರಿದರು. ಅವರ ವಾಸ್ತವವಾದಕ್ಕೂ ಒಂದು ಗಡಿಯಿತ್ತು ಅನ್ನಿಸುತ್ತದೆ ನನಗೆ.

ಕಾದಂಬರಿ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಸಂಸಾರ ನಡೆಯಬೇಕಲ್ಲ, ಚೆಸ್ನಟ್ ಮತ್ತೆ ಶಾರ್ಟ್‌ಹ್ಯಾಂಡ್ ಕಚೇರಿಗೆ ಮರಳಿದರು. 1905ರಲ್ಲಿ ಬಂದ ಇನ್ನೊಂದು ಕಾದಂಬರಿಯೂ ಸೋತಿತು. 1928ರಲ್ಲಿ, ಅವರ 70ನೇ ವಯಸ್ಸಿನಲ್ಲಿ, ಕಪ್ಪು ಸಾಧಕರಿಗೆ ಕೊಡುವ ಸ್ಪಿಂಗಾರ್ನ್ ಪದಕ ಸಿಕ್ಕಿತು. 1932ರಲ್ಲಿ ತೀರಿಕೊಂಡರು. ಪ್ರಕಾಶಕರು ಬೇಡವೆಂದಿದ್ದ ಅವರ ಕೆಲವು ಹಸ್ತಪ್ರತಿಗಳು ಪುಸ್ತಕವಾಗಿ ಹೊರಬಂದದ್ದು 1990ರ ದಶಕದಲ್ಲಿ.