ಕಾರಾಪುರದ ಸಾಬು

ಕಪಿಲಾ ನದಿಯ ದಡದಲ್ಲಿ, ಹೆಗ್ಗಡದೇವನಕೋಟೆಯ ದಟ್ಟವಾದ ಕಾಡಿನ ಅಂಚಿನಲ್ಲಿ, ಕಾರಾಪುರವೆಂಬ ಊರೊಂದಿದೆ. ಅರಸರ ಕಾಲದಲ್ಲಿ ಆ ಪ್ರದೇಶವು ಆನೆಗಳಿಂದ ಪ್ರಸಿದ್ಧವಾಗಿತ್ತು. ಸಮೀಪದ ಕಾಕನಕೋಟೆಯ ಅರಣ್ಯದಲ್ಲಿ ಖೆಡ್ಡಾ ನಡೆಯುತ್ತಿತ್ತು. ತಮಟೆಯ ಸದ್ದು, ಪಂಜಿನ ಬೆಳಕು, ಜನರ ಕೂಗುಗಳಿಂದ ಕಾಡಾನೆಗಳ ಹಿಂಡನ್ನು ಹೆದರಿಸಿ, ಹೊಳೆಯನ್ನು ದಾಟಿಸಿ, ಮರದ ದಿಮ್ಮಿಗಳ ಬಲವಾದ ಆವರಣದೊಳಕ್ಕೆ ಅಟ್ಟುತ್ತಿದ್ದರು. ಬಳಿಕ ಪಳಗಿದ ಆನೆಗಳ ನೆರವಿನಿಂದ ಅವುಗಳನ್ನು ಕಟ್ಟಿಹಾಕುತ್ತಿದ್ದರು. ಈ ಸಾಹಸದ ಕೆಲಸಕ್ಕೆ ಮಾವುತರೇ ಜೀವಾಳ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಆ ಕಾಡಿನ ಹಲವು ಭಾಗಗಳು ಕಬಿನಿ ಜಲಾಶಯದ ನೀರಿನಲ್ಲಿ ಮುಳುಗಿಹೋದುವು.

ಇಂಥ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಸೇವೆಯಲ್ಲಿದ್ದ ಮಾವುತನೊಬ್ಬನ ಮಗನಾಗಿ, 1924ನೆಯ ಇಸವಿ ಜನವರಿ 27ರಂದು ಸಾಬು ಜನಿಸಿದನು. ತಾಯಿ ಅವನ ಎಳವೆಯಲ್ಲಿಯೇ ತೀರಿಕೊಂಡಳು. ತಂದೆಯೂ ಬಹುಕಾಲ ಬದುಕಲಿಲ್ಲ. ತಬ್ಬಲಿಯಾದ ಬಾಲಕನಿಗೆ ಅರಮನೆಯ ಆನೆಲಾಯವೇ ಆಶ್ರಯವಾಯಿತು. ಅಣ್ಣ ಷೇಕ್ ದಸ್ತಗೀರನ ಹೊರತು ಅವನಿಗೆ ಹತ್ತಿರದವರೆಂದರೆ ಆನೆಗಳು. ಅವುಗಳ ಸೊಂಡಿಲು ಹಿಡಿದು ಏರುವುದು, ಕಿವಿಯ ಹಿಂದೆ ಕಾಲನ್ನು ಒತ್ತಿ ನಡೆಸುವುದು, ಹೊಳೆಯಲ್ಲಿ ಮಲಗಿಸಿ ಮೈ ತಿಕ್ಕುವುದು, ಇವೇ ಅವನ ಆಟ. ಇವೇ ಅವನ ಪಾಠ. ಮುಂದೆ ಪರದೇಶದ ಪತ್ರಿಕೆಗಳು ಅವನ ಹೆಸರಿನೊಡನೆ ಅಣ್ಣನ ಹೆಸರನ್ನು ಬೆರೆಸಿ ಸಾಬು ದಸ್ತಗೀರ್ ಎಂದು ಬರೆದುವು. ಆ ಹೆಸರೇ ಉಳಿಯಿತು.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರನಿರ್ದೇಶಕನು ಮೈಸೂರಿಗೆ ಬಂದನು. ಹಿಮಪ್ರದೇಶದ ಎಸ್ಕಿಮೋ ಜನರ ನಡುವೆ ವಾಸಿಸಿ, ಅವರ ಬಾಳನ್ನೇ ಚಿತ್ರವಾಗಿಸಿ, 1922ರಲ್ಲಿ ಅವನು ಲೋಕದ ಮೆಚ್ಚುಗೆಯನ್ನು ಗಳಿಸಿದ್ದನು. ಬಣ್ಣ ಹಚ್ಚಿಕೊಂಡ ನಟರಿಗಿಂತ ಆಯಾ ನೆಲದ ಜನರೇ ಆಯಾ ನೆಲದ ಕಥೆಯನ್ನು ಚೆನ್ನಾಗಿ ತೋರಿಸಬಲ್ಲರೆಂಬುದು ಅವನ ನಂಬಿಕೆ. ರುಡ್ಯಾರ್ಡ್ ಕಿಪ್ಲಿಂಗನು ಬರೆದ, ತೂಮಾಯಿ ಎಂಬ ಮಾವುತನ ಮಗನ ಕಥೆಯನ್ನು ತೆರೆಗೆ ತರುವ ಕೆಲಸವನ್ನು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡನು ಅವನಿಗೆ ಒಪ್ಪಿಸಿದ್ದನು. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಆನೆಗಳನ್ನೂ ಸೌಕರ್ಯಗಳನ್ನೂ ಒದಗಿಸಿಕೊಟ್ಟಿತು. ಕಥಾನಾಯಕನಾಗಲು ಹುಡುಗನೊಬ್ಬನು ಬೇಕಾಗಿದ್ದನು. ಹುಡುಕಾಟ ನಡೆದಿರುವಾಗ, ಛಾಯಾಗ್ರಾಹಕ ಬಾರಡೇಲನ ಕಣ್ಣಿಗೆ ಆನೆಲಾಯದಲ್ಲಿದ್ದ ಈ ಬಾಲಕನು ಬಿದ್ದನು.

ಕಥೆಯ ತೂಮಾಯಿಗೂ ಸಾಬುವಿಗೂ ಇದ್ದ ಹೋಲಿಕೆ ಆಶ್ಚರ್ಯಕರವಾದುದು. ಚಿತ್ರದಲ್ಲಿ ತೂಮಾಯಿಯ ತಂದೆಯನ್ನು ಹುಲಿಯು ಕೊಲ್ಲುತ್ತದೆ. ಒಡೆಯನನ್ನು ಕಳೆದುಕೊಂಡ ಕಾಲಾನಾಗನೆಂಬ ಆನೆಯು ದುಃಖದಿಂದ ಕೆರಳುತ್ತದೆ. ಕ್ರೂರಿಯಾದ ಬೇರೊಬ್ಬ ಮಾವುತನ ಕೈಗೆ ಸಿಕ್ಕ ಆ ಆನೆಯನ್ನು ಉಳಿಸಿಕೊಳ್ಳಲು ಹುಡುಗನು ಅದರೊಡನೆ ಕಾಡಿಗೆ ಓಡಿಹೋಗುತ್ತಾನೆ. ಕಾಲಾನಾಗನಾಗಿ ನಟಿಸಿದ್ದು ಐರಾವತವೆಂಬ ಭಾರಿ ಸಲಗ. ಇಂಗ್ಲಿಷ್ ಬಾರದ ಸಾಬು ತನ್ನ ಮಾತುಗಳನ್ನು ಕೇಳಿ ಕೇಳಿ ಕಂಠಪಾಠ ಮಾಡಿ ಹೇಳಿದನು. ಇಂದು ಆ ಚಿತ್ರವನ್ನು ನೋಡುವವರಿಗೆ ಆ ಮಾತುಗಳು ತುಸು ಕೃತಕವಾಗಿ ಕೇಳಿಸಬಹುದು. ಆದರೆ ಸಾಬು ಮಾತನ್ನು ನಿಲ್ಲಿಸಿ ಆನೆಯ ಬಳಿ ಸಾರಿದೊಡನೆ ಕೃತಕತೆಯೆಲ್ಲವೂ ಮಾಯವಾಗುತ್ತದೆ. ಸೊಂಡಿಲಿನ ಮೇಲೆ ಕಾಲಿಟ್ಟು ಬೆನ್ನೇರುವ ಆ ಲೀಲಾಜಾಲವಾದ ಗತಿಯನ್ನು ಯಾವ ನಾಟಕಶಾಲೆಯೂ ಕಲಿಸಲಾರದು.

ಫ್ಲಾಹರ್ಟಿ ಮೈಸೂರಿನ ಕಾಡಿನಲ್ಲಿ ಹೇರಳವಾಗಿ ಚಿತ್ರೀಕರಿಸಿದನು. ಕಥೆ ಮಾತ್ರ ಮುಂದುವರಿಯಲಿಲ್ಲ. ಖರ್ಚು ಏರುತ್ತಿದ್ದುದನ್ನು ಕಂಡ ಕೋರ್ಡನು ಎಲ್ಲರನ್ನೂ ಇಂಗ್ಲೆಂಡಿಗೆ ಕರೆಸಿಕೊಂಡನು. 1936ರಲ್ಲಿ ಸಾಬು ಅಣ್ಣನೊಡನೆ ಹಡಗನ್ನೇರಿದನು. ಡೆನ್‌ಹ್ಯಾಂ ಎಂಬಲ್ಲಿದ್ದ ಸ್ಟುಡಿಯೋದಲ್ಲಿ, ಅಲೆಕ್ಸಾಂಡರನ ತಮ್ಮ ಜೋಲ್ಟಾನ್ ಕೋರ್ಡನು ಉಳಿದ ಭಾಗವನ್ನು ಪೂರ್ಣಗೊಳಿಸಿದನು. 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆಯಾಯಿತು. ವೆನಿಸ್ ಚಿತ್ರೋತ್ಸವದಲ್ಲಿ ಅದರ ನಿರ್ದೇಶಕರಿಬ್ಬರಿಗೂ ಬಹುಮಾನ ದೊರೆಯಿತು. ಹದಿಮೂರು ವರ್ಷದ ಮಾವುತನ ಮಗನ ಹೆಸರು ಎರಡು ಖಂಡಗಳಲ್ಲಿ ಮನೆಮಾತಾಯಿತು.

ಅವನನ್ನು ಇಂಗ್ಲೆಂಡಿನ ಶಾಲೆಯೊಂದಕ್ಕೆ ಸೇರಿಸಲಾಯಿತು. ಭಾಷೆಯನ್ನು ಅವನು ಬೇಗನೆ ಕಲಿತನು. ಆದರೆ ಎರಡನೆಯ ಚಿತ್ರವು ಅವನನ್ನು ತಾಯ್ನಾಡಿನೆದುರು ವಿಚಿತ್ರವಾದ ಸ್ಥಿತಿಯಲ್ಲಿ ನಿಲ್ಲಿಸಿತು. 1938ರ 'ದಿ ಡ್ರಮ್' ಚಿತ್ರದಲ್ಲಿ ಅವನು ವಾಯವ್ಯ ಗಡಿನಾಡಿನ ರಾಜಕುಮಾರ; ಬ್ರಿಟಿಷರ ಸೇನೆಯನ್ನು ಅಪಾಯದಿಂದ ಪಾರುಮಾಡುವವನು. ಸ್ವಾತಂತ್ರ್ಯದ ಹೋರಾಟವು ಕಾವೇರಿದ್ದ ಕಾಲವದು. ಬ್ರಿಟಿಷ್ ಆಳ್ವಿಕೆಯನ್ನು ಹೊಗಳುವ ಆ ಚಿತ್ರದ ವಿರುದ್ಧ ಮುಂಬಯಿ, ಮದರಾಸುಗಳಲ್ಲಿ ಜನರು ಪ್ರತಿಭಟಿಸಿದರು. ಹದಿನಾಲ್ಕು ವರ್ಷದ ಹುಡುಗನಿಗೆ ಪಾತ್ರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೆಲ್ಲಿಯದು? ಪ್ರತಿಭಟನೆಯೂ ನ್ಯಾಯವಾದುದೇ, ಹುಡುಗನೂ ನಿರಪರಾಧಿಯೇ.

ಮೂರನೆಯ ಚಿತ್ರ 'ದಿ ಥೀಫ್ ಆಫ್ ಬಾಗ್ದಾದ್'. ಇಂಗ್ಲೆಂಡಿನಲ್ಲಿ ಇದರ ಚಿತ್ರೀಕರಣ ನಡೆದಿರುವಾಗಲೇ, 1939ರ ಸೆಪ್ಟೆಂಬರಿನಲ್ಲಿ, ಮಹಾಯುದ್ಧವು ಆರಂಭವಾಯಿತು. ಕೋರ್ಡನು ಉಳಿದ ಕೆಲಸವನ್ನು ಅಮೆರಿಕೆಗೆ ಸಾಗಿಸಿದನು. ಹೀಗೆ ಸಾಬು ಹಾಲಿವುಡ್ಡನ್ನು ತಲುಪಿದನು. 1940ರಲ್ಲಿ ತೆರೆಕಂಡ ಈ ವರ್ಣಚಿತ್ರವು ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮಗಳಿಗಾಗಿ ಮೂರು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಕಡಲತೀರದಲ್ಲಿ ಸಿಕ್ಕಿದ ಸೀಸೆಯ ಮುಚ್ಚಳವನ್ನು ತೆರೆದಾಗ ಹೊಗೆಯೊಳಗಿಂದ ಬೆಟ್ಟದೆತ್ತರದ ಭೂತವು ಏಳುವುದು, ಅದರ ಪಾದದ ಬಳಿ ಸಾಬು ಇರುವೆಯಂತೆ ನಿಲ್ಲುವುದು, ಬಳಿಕ ಅವನು ಅದರ ಜುಟ್ಟನ್ನು ಹಿಡಿದು ಆಕಾಶದಲ್ಲಿ ಹಾರುವುದು, ಇವುಗಳನ್ನು ಕಂಡು ಅಂದಿನ ಪ್ರೇಕ್ಷಕರು ಬೆರಗಾದರು. ನಟನನ್ನು ನೀಲಿಯ ಹಿನ್ನೆಲೆಯೆದುರು ಚಿತ್ರಿಸಿ, ಅನಂತರ ಆ ನೀಲಿಯನ್ನು ತೆಗೆದು ಬೇರೊಂದು ದೃಶ್ಯವನ್ನು ಅಲ್ಲಿ ಜೋಡಿಸುವ ವಿಧಾನವು ಈ ಚಿತ್ರದಿಂದಲೇ ಪ್ರಸಿದ್ಧಿಗೆ ಬಂದಿತು. ಭೂತದ ಪಾತ್ರವನ್ನು ವಹಿಸಿದವನು ರೆಕ್ಸ್ ಇನ್‌ಗ್ರಾಂ ಎಂಬ ಕರಿಯ ನಟ. ಕಥೆಯಂತೆ ಸಿಂಹಾಸನವೂ ರಾಜಕುಮಾರಿಯೂ ದೊರೆಯುವುದು ಬಿಳಿಯ ನಟನು ವಹಿಸಿದ ಅರಸನಿಗೆ. ಆದರೆ ಚಿತ್ರವನ್ನು ನೋಡಿ ಹೊರಬಂದವರ ನೆನಪಿನಲ್ಲಿ ನಿಲ್ಲುವವರು ಆ ಭೂತ ಮತ್ತು ಕಳ್ಳಹುಡುಗನೇ ಹೊರತು ಅರಸನಲ್ಲ.

1942ರಲ್ಲಿ ಜೋಲ್ಟಾನ್ ಕೋರ್ಡನ 'ಜಂಗಲ್ ಬುಕ್' ಬಂದಿತು. ತೋಳಗಳ ನಡುವೆ ಬೆಳೆದ ಮೌಗ್ಲಿಯಾಗಿ ಸಾಬು ಕಾಣಿಸಿಕೊಂಡನು. ನಿಜವಾದ ಕಾಡಿನಿಂದ ಬಂದವನು ಈಗ ಕ್ಯಾಲಿಫೋರ್ನಿಯದಲ್ಲಿ ಸಜ್ಜುಗೊಳಿಸಿದ ಕಾಡಿನಲ್ಲಿ, ಯಂತ್ರದಿಂದ ಚಲಿಸುವ ಹೆಬ್ಬಾವಿನೊಡನೆ ಮಾತನಾಡಬೇಕಾಯಿತು. ಆದರೂ ಅವನ ಕಣ್ಣಿನ ಮಿಂಚಿಗೆ, ಚಿರತೆಯಂಥ ಚಲನೆಗೆ ಕುಂದು ಬರಲಿಲ್ಲ.

ಅಂದಿನ ಹಾಲಿವುಡ್ಡಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ದೊಡ್ಡ ಸ್ಟುಡಿಯೋಗಳು ನಟರನ್ನು ವರ್ಷಗಟ್ಟಲೆ ಕರಾರಿನಿಂದ ಕಟ್ಟಿಹಾಕಿಕೊಳ್ಳುತ್ತಿದ್ದವು. ಯಾವ ಚಿತ್ರ, ಯಾವ ಪಾತ್ರ ಎಂಬುದನ್ನು ಗೊತ್ತುಮಾಡುವವರು ಸ್ಟುಡಿಯೋದ ಯಜಮಾನರು. ಒಮ್ಮೆ ಜನ ಮೆಚ್ಚಿದ ವೇಷವನ್ನೇ ನಟನಿಗೆ ಮತ್ತೆ ಮತ್ತೆ ತೊಡಿಸುವುದು ಅವರ ರೂಢಿ. ಯೂನಿವರ್ಸಲ್ ಸಂಸ್ಥೆಯು 1942ರಿಂದ 1944ರವರೆಗೆ 'ಅರೇಬಿಯನ್ ನೈಟ್ಸ್', 'ವೈಟ್ ಸ್ಯಾವೇಜ್', 'ಕೋಬ್ರಾ ವುಮನ್' ಎಂಬ ಚಿತ್ರಗಳಲ್ಲಿ ಸಾಬುವನ್ನು ನಾಯಕನ ಪಕ್ಕದ ಗೆಳೆಯನನ್ನಾಗಿ ನಿಲ್ಲಿಸಿತು. ಬಣ್ಣದ ವೈಭವವು ಅವುಗಳಲ್ಲಿ ಬೇಕಾದಷ್ಟಿದೆ; ಸಾಬುವಿಗೆ ತಕ್ಕ ಕೆಲಸ ಮಾತ್ರ ಇಲ್ಲ. ಅವನಿಗೆ ಇಪ್ಪತ್ತು ತುಂಬಿದರೂ ಸ್ಟುಡಿಯೋದವರ ಪಾಲಿಗೆ ಅವನಿನ್ನೂ ಆನೆಯ ಹುಡುಗನೇ.

1944ರಲ್ಲಿ ಅವನು ಅಮೆರಿಕದ ಪ್ರಜೆಯಾದನು. ಅಲ್ಲಿನ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲನ್ನು ಸಾಮಾನ್ಯವಾಗಿ ತೆರೆದುದು 1946ರಲ್ಲಿ ಎಂಬುದನ್ನು ನೆನೆದರೆ ಇದರ ಮಹತ್ವವು ತಿಳಿಯುತ್ತದೆ. ಕೂಡಲೇ ಅವನು ವಾಯುಸೇನೆಯನ್ನು ಸೇರಿದನು. ಪೆಸಿಫಿಕ್ ಸಾಗರದ ರಣರಂಗದಲ್ಲಿ ಬಿ-24 ಎಂಬ ಬಾಂಬರ್ ವಿಮಾನದ ಬಾಲದ ಭಾಗದಲ್ಲಿ ಕುಳಿತು, ಬೆನ್ನಟ್ಟಿ ಬರುವ ಶತ್ರುವಿಮಾನಗಳ ಮೇಲೆ ಗುಂಡು ಹಾರಿಸುವುದು ಅವನ ಕೆಲಸ. ಇಕ್ಕಟ್ಟಾದ ಆ ಸ್ಥಳದಲ್ಲಿ ಗಂಟೆಗಟ್ಟಲೆ ಒಂಟಿಯಾಗಿ ಇರಬೇಕು. ಅಪಾಯವು ಮೊದಲು ಎರಗುವುದೂ ಅಲ್ಲಿಗೇ. ಸಾಬು ಹಲವಾರು ಹಾರಾಟಗಳಲ್ಲಿ ಭಾಗವಹಿಸಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಎಂಬ ಪದಕವನ್ನು ಪಡೆದನು. ತೆರೆಯ ಮೇಲೆ ಎಂದೂ ದೊರೆಯದ ಪ್ರೌಢ ವೀರನ ಪಾತ್ರವು ಅವನಿಗೆ ನಿಜಜೀವನದಲ್ಲಿ ದೊರೆಯಿತು.

ಯುದ್ಧ ಮುಗಿದು ಮರಳಿದಾಗ ಕಾಲವು ಬದಲಾಗಿತ್ತು. ಮಾಯಾಲೋಕದ ಕಥೆಗಳಲ್ಲಿ ಪ್ರೇಕ್ಷಕರಿಗೆ ಮೊದಲಿನ ಆಸಕ್ತಿ ಉಳಿದಿರಲಿಲ್ಲ. 1947ರ 'ಬ್ಲ್ಯಾಕ್ ನಾರ್ಸಿಸಸ್' ಎಂಬ ಒಂದು ಒಳ್ಳೆಯ ಚಿತ್ರದಲ್ಲಿ ಅವನಿಗೆ ಸಣ್ಣ ಪಾತ್ರವೊಂದು ದೊರೆಯಿತು. ಹಿಮಾಲಯದ ತಪ್ಪಲಿನ ಕ್ರೈಸ್ತ ಸಂನ್ಯಾಸಿನಿಯರ ಕಥೆ ಅದು. ಛಾಯಾಗ್ರಹಣಕ್ಕೂ ಕಲಾನಿರ್ದೇಶನಕ್ಕೂ ಆಸ್ಕರ್ ಪಡೆದುದು. ಚಿತ್ರದುರ್ಗದ ಕಲ್ಲಿನ ಕೋಟೆಯಲ್ಲಿ ಚಿತ್ರಿತವಾದ 1972ರ 'ನಾಗರಹಾವು' ನೋಡುವಾಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪ್ರೇಕ್ಷಕನು ತಾನು ಹತ್ತಿದ ಬಂಡೆಯನ್ನೇ ತೆರೆಯ ಮೇಲೆ ಗುರುತಿಸಬಲ್ಲನು. 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದ ಬೆಟ್ಟಗಳನ್ನು ಹಿಮಾಲಯದವರು ಹಾಗೆ ಗುರುತಿಸಲಾರರು. ಅವು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಗಾಜಿನ ಮೇಲೆ ಬರೆದ ಚಿತ್ರಗಳು. ಭಾರತೀಯ ಹುಡುಗಿಯಾಗಿ ನಟಿಸಿದವಳು ಮೈಗೆ ಕಂದುಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್ ಎಂಬ ಆಂಗ್ಲ ನಟಿ. ಕಲೆಗಾರರ ಕೈಚಳಕವು ಮೆಚ್ಚತಕ್ಕದ್ದೇ. ಆದರೆ ಅಷ್ಟೆಲ್ಲ ಕಲ್ಪಿತದ ನಡುವೆ ಬಣ್ಣ ಬಳಿಯದೆ ನಿಂತ ಭಾರತೀಯನೆಂದರೆ ಸಾಬು.

1948ರಲ್ಲಿ ಅವನ ವಿವಾಹವಾಯಿತು, ಇಬ್ಬರು ಮಕ್ಕಳಾದರು. ಚಿತ್ರಗಳು ಕಡಮೆಯಾದಂತೆ ಅವನು ಮನೆ ನಿವೇಶನಗಳ ವ್ಯಾಪಾರದಲ್ಲಿ ತೊಡಗಿದನು. 1952ರಲ್ಲಿ ಲಂಡನ್ನಿನ ಸರ್ಕಸ್ಸೊಂದರಲ್ಲಿ ಆನೆಗಳೊಡನೆ ಕಾಣಿಸಿಕೊಂಡನು. ಹೊಟ್ಟೆಪಾಡಿಗೆ ಮತ್ತೆ ಆನೆಗಳೇ ಒದಗಿದುವು.

ಸ್ವದೇಶದ ಚಿತ್ರವೊಂದರಲ್ಲಿ ನಟಿಸುವ ಅವಕಾಶವು ಅವನ ಬಾಗಿಲಿಗೆ ಒಮ್ಮೆ ಬಂದಿತ್ತು. ಮುಂಬಯಿಯ ನಿರ್ದೇಶಕ ಮೆಹಬೂಬ್ ಖಾನರು ತಮ್ಮ 'ಮದರ್ ಇಂಡಿಯಾ' ಚಿತ್ರದ ಬಿರ್ಜು ಎಂಬ ಪಾತ್ರಕ್ಕೆ ಸಾಬುವನ್ನು ಆರಿಸಿದ್ದರು. ಅನ್ಯಾಯವನ್ನು ಸಹಿಸಲಾರದೆ ಬಂದೂಕು ಹಿಡಿಯುವ ರೈತನ ಮಗ ಆ ಬಿರ್ಜು. ಹುಡುಗನ ವೇಷವಲ್ಲ, ಆನೆಯೂ ಇಲ್ಲ, ಹುಲಿಯೂ ಇಲ್ಲ, ಹಾಲಿವುಡ್ಡು ಎಂದೂ ಕೊಡದಿದ್ದ ಪಾತ್ರ. ಆದರೆ ಅಮೆರಿಕದ ಪ್ರಜೆಯಾಗಿದ್ದ ಸಾಬುವಿಗೆ ಭಾರತದಲ್ಲಿ ಕೆಲಸಮಾಡುವ ಪರವಾನಗಿ ದೊರೆಯಲಿಲ್ಲ. ಪಾತ್ರವು ಸುನಿಲ್ ದತ್ತರ ಪಾಲಾಯಿತು. 1957ರಲ್ಲಿ ತೆರೆಕಂಡ ಆ ಚಿತ್ರವು ಆಸ್ಕರ್ ಸ್ಪರ್ಧೆಯ ಅಂತಿಮ ಸುತ್ತನ್ನು ಮುಟ್ಟಿತು. ಭಾರತದ ಕಥೆಗಳಿಂದಲೇ ಹೆಸರಾದ ಸಾಬು ಭಾರತದಲ್ಲಿ ತಯಾರಾದ ಒಂದು ಚಿತ್ರದಲ್ಲಿಯೂ ನಟಿಸದೆ ಹೋದನು.

1960ರಲ್ಲಿ ಅಣ್ಣ ಷೇಕ್ ದಸ್ತಗೀರನು ತನ್ನ ಅಂಗಡಿಯಲ್ಲಿ ನಡೆದ ದರೋಡೆಯಲ್ಲಿ ಕೊಲೆಯಾದನು. ಆನೆಲಾಯದ ದಿನಗಳಿಂದ ಜೊತೆಗಿದ್ದ ಜೀವವದು. ಅದೇ ವರ್ಷ ಹಾಲಿವುಡ್ಡಿನ ಕೀರ್ತಿಪಥದಲ್ಲಿ ಸಾಬುವಿನ ಹೆಸರಿನ ನಕ್ಷತ್ರವನ್ನು ನೆಲಕ್ಕೆ ಜೋಡಿಸಲಾಯಿತು. 1963ರ ಡಿಸೆಂಬರ್ 2ರಂದು, ಕ್ಯಾಲಿಫೋರ್ನಿಯದಲ್ಲಿ, ಹೃದಯಾಘಾತದಿಂದ ಅವನು ಮರಣಹೊಂದಿದನು. ಆಗ ಅವನಿಗೆ ಕೇವಲ ಮೂವತ್ತೊಂಬತ್ತು ವರ್ಷ. ಅವನು ನಟಿಸಿ ಮುಗಿಸಿದ್ದ ವಾಲ್ಟ್ ಡಿಸ್ನಿ ಸಂಸ್ಥೆಯ 'ಎ ಟೈಗರ್ ವಾಕ್ಸ್' ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿಯೂ ಅವನದು ಸರ್ಕಸ್ಸಿನ ಪ್ರಾಣಿಗಳನ್ನು ನೋಡಿಕೊಳ್ಳುವ ಭಾರತೀಯನ ಪಾತ್ರ.